ಕೆರೆ ಗೋಡು, ಅರಿಶಿನ, ಮಡಿಸಿದ ಕಾಗದ: ತಾನೇ ಬದಲಾಗುವ ಕಲಾಕೃತಿ ಮಾಡುವ ಬಗೆ

ನಮ್ಮೂರು ಕೋಲಾರ ತಾಲ್ಲೂಕಿನಲ್ಲಿದೆ. ನಾನು ಹುಡುಗನಾಗಿದ್ದಾಗ ಊರ ಕೆರೆ ಪೂರ್ತಿ ಒಣಗಿತ್ತು. ನಾವು ಕ್ರಿಕೆಟ್ ಆಡುತ್ತಿದ್ದದ್ದೇ ಕೆರೆ ಅಂಗಳದಲ್ಲಿ. ಸಂಜೆ ತಾತ ಏರಿ ಮೇಲೆ ಬಂದು ಕೂರುತ್ತಿದ್ದರು. "ಆ ತೂಬಿನ ಹತ್ರ ಎರಡಾಳು ನೀರಿತ್ತು ಕಣೋ" ಎಂದು ಕೈ ತೋರಿಸುತ್ತಿದ್ದರು. ನನಗೆ ಅಲ್ಲಿ ಕಾಣುತ್ತಿದ್ದದ್ದು ಜಾಲಿ ಗಿಡ, ಬಿರುಕು ಬಿಟ್ಟ ಮಣ್ಣು. ಅವರಿಗೆ ನೀರೇ ಕಾಣುತ್ತಿತ್ತು. 2018ರಲ್ಲಿ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರಲು ಶುರುವಾಯಿತು. ಕೆಲವು ವರ್ಷ ಕಳೆದು ನಮ್ಮೂರ ಕೆರೆಗೂ ಬಂತು. ಈಗ ಅಕ್ಕನ ಮಗಳು ಅದೇ ಏರಿ ಮೇಲೆ ನಿಂತು ನೀರುಕೋಳಿ ಎಣಿಸುತ್ತಾಳೆ. ನನಗೆ ಮಾತ್ರ ಆ ನೀರಿನ ಕೆಳಗೆ ಇನ್ನೂ ನಮ್ಮ ಪಿಚ್ ಕಾಣುತ್ತದೆ.

ಇದನ್ನು ಚಿತ್ರ ಮಾಡಬೇಕು ಅಂತ ಎಷ್ಟೋ ಸಲ ಕೂತಿದ್ದೇನೆ. ಬಣ್ಣದಲ್ಲಿ ಬರೆದರೆ ಕೆರೆ ಬರುತ್ತಿತ್ತು, ಕಾಲ ಬರುತ್ತಿರಲಿಲ್ಲ. ಬರೆದ ದಿನ ಹೇಗಿತ್ತೋ ಮೂರು ವರ್ಷ ಆದ ಮೇಲೂ ಹಾಗೇ ಇರುತ್ತಿತ್ತು. ಕೊನೆಗೆ ಹೊಳೆದದ್ದು ಇಷ್ಟು: ಬದಲಾಗುವುದನ್ನು ತೋರಿಸಬೇಕಾದರೆ ಬದಲಾಗುವ ವಸ್ತುವಿನಲ್ಲೇ ಮಾಡಬೇಕು. ಒಣಗುವ ಮಣ್ಣು ಬೇಕು, ಬಿಸಿಲಿಗೆ ಮಾಸುವ ಬಣ್ಣ ಬೇಕು, ನಿಂತ ಜಾಗ ಬದಲಾದರೆ ಬೇರೆಯಾಗಿ ಕಾಣುವ ಚಿತ್ರ ಬೇಕು. ಮೂರೂ ಇರುವ ಒಂದು ಹಲಗೆಯನ್ನು ಹೇಗೆ ಮಾಡಿದೆ ಅಂತ ಕೆಳಗೆ ಬರೆದಿದ್ದೇನೆ. ಚಿತ್ರಕಲೆ ಕಲಿತಿರಬೇಕು ಅಂತೇನಿಲ್ಲ. ಅಳತೆ ಸರಿಯಾಗಿ ಹಿಡಿಯಬೇಕು, ಕಾಯುವ ತಾಳ್ಮೆ ಇರಬೇಕು, ಅಷ್ಟೇ.

ಒಟ್ಟು ಹೇಗಿರುತ್ತದೆ

ಮೂರು ಅಡಿ ಅಗಲ, ಒಂದೂವರೆ ಅಡಿ ಎತ್ತರದ ಒಂದು ಪ್ಲೈವುಡ್ ಹಲಗೆ. ಅದನ್ನು ಒಂದೊಂದು ಅಡಿಯ ಮೂರು ಭಾಗ ಮಾಡಿಕೊಳ್ಳಿ. ಎಡಕ್ಕೆ ಒಣಗಿ ಬಿರುಕು ಬಿಟ್ಟ ಕೆರೆ ಗೋಡು, ಅಂದರೆ ಕೆರೆ ತಳದ ನುಣ್ಣನೆ ಮಣ್ಣು. ನಡುವೆ ಬೀಸಣಿಗೆ ಹಾಗೆ ಮಡಿಸಿದ ಕಾಗದ: ಒಂದು ಕಡೆಯಿಂದ ನೋಡಿದರೆ ತುಂಬಿದ ಕೆರೆ, ಇನ್ನೊಂದು ಕಡೆಯಿಂದ ಬತ್ತಿದ ಕೆರೆ. ಬಲಕ್ಕೆ ಬಿಸಿಲಿನಲ್ಲಿ ಮೂಡಿಸಿದ ಅರಿಶಿನದ ಚಿತ್ರ, ಅದರ ಮೇಲೆ ಕಪ್ಪು ಬಟ್ಟೆ.

ಇನ್ನೂ ಏನೇನೋ ಸೇರಿಸುವ ಆಸೆ ಬರುತ್ತದೆ. ನನಗೂ ರೇಷ್ಮೆ ಗೂಡು ಅಂಟಿಸಬೇಕು ಅನ್ನಿಸಿತ್ತು, ನಮ್ಮ ಕಡೆ ಅದಕ್ಕೇನು ಬರವಿಲ್ಲವಲ್ಲ. ಆದರೆ ಗೂಡು ಬಂದರೆ ಎಲ್ಲರ ಕಣ್ಣು ಅದರ ಮೇಲೆ ಹೋಗುತ್ತದೆ, ಕೆರೆ ಹಿಂದೆ ಸರಿಯುತ್ತದೆ. ಮೂರೇ ಸಾಕು.

ಶುರು ಮಾಡಲು ಒಳ್ಳೆಯ ಕಾಲ ಫೆಬ್ರವರಿಯಿಂದ ಮೇ. ಬಿಸಿಲು ಚೆನ್ನಾಗಿರುತ್ತದೆ, ಗಾಳಿ ಒಣಗಿರುತ್ತದೆ. ನಮ್ಮಲ್ಲಿ ಮಳೆ ಜಾಸ್ತಿ ಬೀಳುವ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಾಡಲು ಹೋದರೆ ಮಣ್ಣು ಒಣಗೋದೇ ಇಲ್ಲ, ಗೋಣಿಗೆ ಬೂಷ್ಟು ಹಿಡಿಯುತ್ತದೆ. ಮೂರು ವಾರ ಇಟ್ಟುಕೊಳ್ಳಿ. ಕೈ ಕೆಲಸ ಐದಾರು ದಿನದ್ದು, ಉಳಿದದ್ದು ಒಣಗಲಿ ಅಂತ ಬಿಡುವುದು.

ಹಲಗೆ

12 ಮಿಲಿಮೀಟರ್ ಪ್ಲೈವುಡ್ ಬೇಕು. ಅಂಗಡಿಯಲ್ಲಿ ಪೂರ್ತಿ ಶೀಟ್ ಕೊಳ್ಳಬೇಡಿ. ಯಾವುದಾದರೂ ಬಡಗಿ ಹತ್ತಿರ ಹೋದರೆ ಮಿಕ್ಕ ತುಂಡು ಇರುತ್ತದೆ. ಹಿಂದೆ ಉದ್ದಕ್ಕೆ ಎರಡು ರೀಪರ್ ಪಟ್ಟಿ ಹೊಡೆಸಿ. ಇದನ್ನು ಬಿಟ್ಟರೆ ಒದ್ದೆ ಮಣ್ಣು ಕೂತ ಕಡೆ ಹಲಗೆ ಬಾಗುತ್ತದೆ, ಬಾಗಿದ ಮೇಲೆ ನೆಟ್ಟಗೆ ಮಾಡಲು ಆಗೋದಿಲ್ಲ. ಮುಂದೆ, ಹಿಂದೆ, ಅಂಚಿಗೆ, ಎಲ್ಲ ಕಡೆ ಒಂದು ಕೋಟ್ ವುಡ್ ಪ್ರೈಮರ್ ಹೊಡೆಯಿರಿ.

ಎಡಭಾಗದ ಸುತ್ತ ಮುಕ್ಕಾಲು ಇಂಚು ಎತ್ತರದ ಬೀಡಿಂಗ್ ಪಟ್ಟಿ ಕೂರಿಸಿ, ತಟ್ಟೆಗೆ ಅಂಚು ಇದ್ದ ಹಾಗೆ. ಅದರೊಳಗೆ ಗೋಣಿತಾಟು ಅಂಟಿಸಬೇಕು. ಹಳೆ ಗೋಣಿಚೀಲ ತೊಳೆದು ಒಣಗಿಸಿ, ಅಳತೆಗೆ ಕತ್ತರಿಸಿ, ಫೆವಿಕಾಲ್ ಧಾರಾಳವಾಗಿ ಬಳಿದು ಒತ್ತಿ. ಅಂಟು ಒಣಗಿದ ಮೇಲೆ ನಾಲ್ಕೈದು ಇಂಚಿಗೊಂದು ಸ್ಟೇಪ್ಲರ್ ಪಿನ್ ಹೊಡೆಯಿರಿ. ಸೋಫಾ ರಿಪೇರಿ ಮಾಡುವವರ ಹತ್ತಿರ ಆ ದೊಡ್ಡ ಸ್ಟೇಪ್ಲರ್ ಇರುತ್ತದೆ, ಕೇಳಿದರೆ ಎರಡು ನಿಮಿಷದಲ್ಲಿ ಹೊಡೆದುಕೊಡುತ್ತಾರೆ. ಈ ಹಂತವನ್ನು ಯಾವ ಕಾರಣಕ್ಕೂ ಬಿಡಬೇಡಿ. ನನ್ನ ಮೊದಲ ಹಲಗೆಯಲ್ಲಿ ಗೋಣಿ ಹಾಕಿರಲಿಲ್ಲ. ನೆಲದ ಮೇಲಿದ್ದಾಗ ಎಲ್ಲ ಚೆನ್ನಾಗಿತ್ತು, ಗೋಡೆಗೆ ಒರಗಿಸಿದ ತಕ್ಷಣ ಅರ್ಧ ಕೆರೆ ಕಾಲ ಮೇಲೆ ಬಿತ್ತು. ಮೇಲಿರುವುದು ಸವೆಯಲಿ, ಉದುರಲಿ, ಅದಕ್ಕೇ ತಾನೇ ಮಾಡುತ್ತಿರುವುದು. ಬುಡ ಮಾತ್ರ ಗಟ್ಟಿ ಇರಬೇಕು.

ಗೋಡು

ಇದೇ ಈ ಕೆಲಸದ ಜೀವ, ಆದ್ದರಿಂದ ಇಲ್ಲಿ ನಿಧಾನ ಮಾಡಿ.

ಕೆರೆ ಅಂಗಳದಲ್ಲಿ ಏರಿಗೆ ಹತ್ತಿರ, ತೂಬಿನ ಕಡೆ, ನೀರು ಕೊನೆಗೆ ಇಂಗುವ ಜಾಗದಲ್ಲಿ ನುಣುಪಾದ ಗೋಡು ಸಿಗುತ್ತದೆ. ನೀರು ಬಂದು ಸೇರುವ ಮೇಲಿನ ಕಡೆ ಮರಳು ಜಾಸ್ತಿ. ಮೂರು ಕೆಜಿ ಸಾಕು. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಗಾಜಿನ ಚೂರು, ಮುಳ್ಳು ಇದ್ದೇ ಇರುತ್ತವೆ. ಕೆರೆ ಈಗ ತುಂಬಿದ್ದರೆ ಒಳಗೆ ಇಳಿಯಬೇಡಿ, ಗಣಪ ಮಾಡುವವರ ಹತ್ತಿರ ಜೇಡಿಮಣ್ಣು ತನ್ನಿ.

ಮಣ್ಣು ಸರಿಯಾದದ್ದೇ ಅಂತ ನೋಡಲು ಸ್ವಲ್ಪ ಒದ್ದೆ ಮಾಡಿ ಪೆನ್ಸಿಲ್ ದಪ್ಪಕ್ಕೆ ಹೊಸೆದು ಬೆರಳಿಗೆ ಸುತ್ತಿ. ಮುರಿಯದೆ ಸುತ್ತಿಕೊಂಡರೆ ಜೇಡಿ ಅಂಶ ಚೆನ್ನಾಗಿದೆ, ಬಿರುಕು ಚೆನ್ನಾಗಿ ಬರುತ್ತದೆ. ಪುಡಿಪುಡಿ ಆದರೆ ಮರಳು ಜಾಸ್ತಿ, ಬೇರೆ ಜಾಗದ್ದು ತನ್ನಿ. ಸಗಣಿ ಬೆರೆಸಿದರೆ ಗಟ್ಟಿಯಾಗುತ್ತದಲ್ವಾ ಅಂತ ಅಮ್ಮ ಕೇಳಿದರು. ನಿಜ, ಸಗಣಿಯ ನಾರು ಮಣ್ಣನ್ನು ಹಿಡಿದುಕೊಳ್ಳುತ್ತದೆ, ಅದಕ್ಕೇ ಸಾರಿಸಿದ ನೆಲ ಅಷ್ಟು ಬೇಗ ಬಿರಿಯುವುದಿಲ್ಲ. ನಮಗೆ ಬಿರುಕೇ ಬೇಕು. ಹಾಕಬೇಡಿ.

ಗೋಡನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಸೊಳ್ಳೆಪರದೆ ಬಟ್ಟೆಯಲ್ಲಿ ಸೋಸಿ, ಮೇಲಿನ ನೀರು ಬಸಿಯಿರಿ. ಹದ ಹೇಗಿರಬೇಕು ಅಂದರೆ ಇಡ್ಲಿ ಹಿಟ್ಟಿಗಿಂತ ಗಟ್ಟಿ, ಮುದ್ದೆಗಿಂತ ಮೆತ್ತಗೆ. ಒಂದು ಕೆಜಿಗೆ ಎರಡು ಚಮಚ ಫೆವಿಕಾಲ್ ಕಲಸಿ, ಅದಕ್ಕಿಂತ ಜಾಸ್ತಿ ಬೇಡ. ಜಾಸ್ತಿಯಾದರೆ ಬಿರುಕೇ ಬಿಡದೆ ಚರ್ಮದ ಹಾಗೆ ಆಗಿಬಿಡುತ್ತದೆ.

ಹಲಗೆಯನ್ನು ನೆಲದ ಮೇಲೆ ಮಟ್ಟಸವಾಗಿ ಇಟ್ಟು ಗೋಣಿಗೆ ನೀರು ಚಿಮುಕಿಸಿ. ಮೊದಲು ತೆಳ್ಳಗೆ ಒಂದು ಪದರ ಕೈಯಿಂದ ಉಜ್ಜಿ, ಗೋಣಿಯ ಕಣ್ಣುಗಳೊಳಗೆ ಮಣ್ಣು ಇಳಿಯಬೇಕು. ಆಮೇಲೆ ಉಳಿದದ್ದು ಹಾಕಿ. ಇಲ್ಲಿ ಒಂದು ಗುಟ್ಟಿದೆ. ಮಣ್ಣಿನ ಪದರ ದಪ್ಪ ಇದ್ದಷ್ಟೂ ಬಿರುಕುಗಳ ನಡುವಿನ ಬಿಲ್ಲೆ ದೊಡ್ಡದಾಗುತ್ತದೆ, ತೆಳ್ಳಗಿದ್ದಷ್ಟೂ ಚಿಕ್ಕದಾಗುತ್ತದೆ. ಆದ್ದರಿಂದ ಹಲಗೆಯ ಮೇಲಂಚಿಗೆ ಐದು ಮಿಲಿಮೀಟರ್ ದಪ್ಪ ಇಟ್ಟು, ಕೆಳಗೆ ಬರುತ್ತಾ ಬರುತ್ತಾ ಹದಿನೈದು ಮಿಲಿಮೀಟರ್‌ಗೆ ಏರಿಸಿ. ಒಣಗಿದಾಗ ಕೆಳಗೆ ದೊಡ್ಡ ಬಿಲ್ಲೆ, ಮೇಲೆ ಸಣ್ಣ ಬಿಲ್ಲೆ ಬರುತ್ತವೆ, ನೋಡಿದವರಿಗೆ ಏರಿ ಮೇಲೆ ನಿಂತು ದೂರದವರೆಗೆ ಅಂಗಳ ನೋಡಿದ ಹಾಗೇ ಆಗುತ್ತದೆ. ಒಂದು ಗೆರೆಯನ್ನೂ ನಾವು ಎಳೆದಿರುವುದಿಲ್ಲ. ಕಣ್ಣೇ ದೂರವನ್ನು ಕಟ್ಟಿಕೊಳ್ಳುತ್ತದೆ.

ಒಣಗಿಸುವುದು ನೆರಳಿನಲ್ಲಿ. ಬಿಸಿಲಿಗೆ ಇಟ್ಟರೆ ಮೇಲ್ಮೈ ಮೊದಲು ಒಣಗಿ ಕುಗ್ಗುತ್ತದೆ, ಕೆಳಗೆ ಇನ್ನೂ ಒದ್ದೆ ಇರುತ್ತದೆ, ಬಿಲ್ಲೆಗಳ ಅಂಚು ಹಪ್ಪಳದ ಹಾಗೆ ಮೇಲೇಳುತ್ತದೆ.

ನನ್ನ ಹಲಗೆಯಲ್ಲಿ ಮೊದಲ ಬಿರುಕು ಬಂದದ್ದು ಎರಡನೇ ದಿನ ಮಧ್ಯಾಹ್ನ. ಮಣ್ಣಿನ ಮಿರುಗು ಹೋಗಿ ಬಣ್ಣ ಒಂದು ಛಾಯೆ ತಿಳಿಯಾಗಿತ್ತು. ಎಡಗಡೆ ಕೂದಲೆಳೆಯಷ್ಟು ಒಂದು ಗೆರೆ. ಅಲ್ಲಿ ನಿಜವಾಗಿ ಇದೆಯೋ ನನ್ನ ಕಣ್ಣಿನ ಭ್ರಮೆಯೋ ಗೊತ್ತಾಗಲಿಲ್ಲ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಟ್ಟಾಗ ಗೆರೆಗೆ ನೆರಳು ಬಿತ್ತು. ಊಟ ಮಾಡಿ ಬರುವಷ್ಟರಲ್ಲಿ ಅದು ಒಂದು ಗೇಣು ಆಗಿತ್ತು. ಸಂಜೆ ಎರಡನೆಯದು ಹುಟ್ಟಿ, ನೆಟ್ಟಗೆ ಹೋಗುತ್ತಾ ಇದ್ದದ್ದು ಮೊದಲನೆಯದರ ಹತ್ತಿರ ಬಂದು ತಿರುಗಿ ಸರಿಯಾಗಿ ಲಂಬವಾಗಿ ಅದಕ್ಕೆ ಕೂಡಿಕೊಂಡಿತು. ಮೊದಲ ಸಲ ಒಣಗುವ ಮಣ್ಣಿನಲ್ಲಿ ಬಿರುಕುಗಳು ಹೀಗೆ 90 ಡಿಗ್ರಿಯಲ್ಲೇ ಸೇರುತ್ತವೆ. ಅದೇ ಮಣ್ಣು ಎಷ್ಟೋ ಸಲ ನೆನೆದು ಒಣಗಿ ನೆನೆದು ಒಣಗಿ ಆದರೆ, ಮೂರು ಬಿರುಕು ಒಂದು ಕಡೆ ಸೇರುವ ಕೋನ ನಿಧಾನವಾಗಿ 120 ಡಿಗ್ರಿ ಕಡೆಗೆ ವಾಲುತ್ತದೆ, ಬಿಲ್ಲೆಗಳು ಜೇನುಗೂಡಿನ ಹಾಗೆ ಆರು ಮೂಲೆಯವಾಗುತ್ತವೆ. ಬಿರುಕಿನ ಕೋನ ನೋಡಿ ಆ ಮಣ್ಣು ಹೊಸದಾಗಿ ಒಣಗಿದ್ದೋ, ಮತ್ತೆ ಮತ್ತೆ ಒಣಗಿದ್ದೋ ಅಂತ ಹೇಳಬಹುದು. ಇದು ಗೊತ್ತಾದ ದಿನ ತಾತನ ಜೊತೆ ನೋಡಿದ ಅಂಗಳದ ಬಿಲ್ಲೆಗಳು ಹೇಗಿದ್ದವು ಅಂತ ರಾತ್ರಿಯೆಲ್ಲ ನೆನಪು ಮಾಡಿಕೊಂಡೆ.

ನೀವೂ ಬೇಕಾದರೆ ಪೂರ್ತಿ ಒಣಗಿದ ಮೇಲೆ ಸ್ಪ್ರೇ ಬಾಟಲಿಯಲ್ಲಿ ನೀರು ಹೊಡೆದು ನೆನೆಸಿ, ಮತ್ತೆ ಒಣಗಿಸಿ. ನಾನು ಆರು ಸಲ ಮಾಡಿದೆ. ಕೋನಗಳು ಅಲ್ಲಲ್ಲಿ ಬದಲಾಗಲು ಶುರುವಾಗಿವೆ. ದಿನ ಹೋದ ಹಾಗೆ ಮುಂದುವರಿಸಬಹುದು, ಆತುರ ಏನಿಲ್ಲ.

ಮಡಿಸಿದ ಚಿತ್ರ

ಎಡದಿಂದ ಒಂದು, ಬಲದಿಂದ ಇನ್ನೊಂದು ಕಾಣುವ ಈ ಬಗೆಯನ್ನು ಯಾಕೋವ್ ಅಗಮ್ ಎಂಬ ಇಸ್ರೇಲಿ ಕಲಾವಿದರ ಹೆಸರಿನಲ್ಲಿ ಅಗಮೋಗ್ರಾಫ್ ಅನ್ನುತ್ತಾರೆ. ಮಾಡುವುದು ಸುಲಭ.

ಏರಿಯ ಒಂದೇ ಜಾಗದಿಂದ ತೆಗೆದ ಎರಡು ಫೋಟೋ ಬೇಕು, ಒಂದು ಬತ್ತಿದ್ದಾಗ, ಒಂದು ತುಂಬಿದ್ದಾಗ. ಹಳೆ ಫೋಟೋ ಇಲ್ಲದಿದ್ದರೆ ಊರಲ್ಲಿ ಯಾರದೋ ಮದುವೆ ಆಲ್ಬಮ್ಮಿನಲ್ಲೋ ಶಾಲೆಯ ಗ್ರೂಪ್ ಫೋಟೋದಲ್ಲೋ ಹಿಂದೆ ಕೆರೆ ಬಂದಿರುತ್ತದೆ, ಕೇಳಿ ನೋಡಿ. ಅದೂ ಸಿಗದಿದ್ದರೆ ಒಂದನ್ನು ಕೈಯಿಂದಲೇ ಬರೆಯಿರಿ. ದಿಗಂತದ ಗೆರೆ ಮಾತ್ರ ಎರಡರಲ್ಲೂ ಒಂದೇ ಎತ್ತರಕ್ಕೆ ಇರಬೇಕು. ಡಿಜಿಟಲ್ ಪ್ರಿಂಟ್ ಅಂಗಡಿಗಳಲ್ಲಿ 12×18 ಇಂಚಿನ ಶೀಟ್ ಮಾಮೂಲಿ ಸೈಜು, ನಮಗೆ ಅಳತೆಯೂ ಅದೇ. ಹೊಳಪಿಲ್ಲದ ಕಾಗದದಲ್ಲಿ ತೆಗೆಸಿ, ಹೊಳಪಿದ್ದರೆ ಪಕ್ಕದಿಂದ ನೋಡುವಾಗ ಬೆಳಕು ಹೊಡೆಯುತ್ತದೆ.

ಎರಡೂ ಚಿತ್ರವನ್ನು ಹಿಂದುಗಡೆ 1ರಿಂದ 12 ನಂಬರ್ ಹಾಕಿ ಒಂದೊಂದು ಇಂಚಿನ ಉದ್ದ ಪಟ್ಟಿಗಳಾಗಿ ಕತ್ತರಿಸಿ. 24 ಇಂಚು ಅಗಲ, 18 ಇಂಚು ಎತ್ತರದ ದಪ್ಪ ಚಾರ್ಟ್ ಮೇಲೆ ತುಂಬಿದ ಕೆರೆಯ 1, ಬತ್ತಿದ ಕೆರೆಯ 1, ತುಂಬಿದ 2, ಬತ್ತಿದ 2, ಹೀಗೆ ಎಡದಿಂದ ಬಲಕ್ಕೆ ಅಂಟಿಸುತ್ತಾ ಹೋಗಿ. ಒಣಗಿದ ಮೇಲೆ ಪ್ರತಿ ಕೂಡುಗೆರೆಯನ್ನು ಖಾಲಿ ಬಾಲ್‌ಪೆನ್ನಿನಿಂದ ಒತ್ತಿ ಗೀರಿ, ಒಂದು ಬೆಟ್ಟ ಒಂದು ಕಣಿವೆ ಬರುವಂತೆ ಮಡಿಸಿ. ಜೋಡಿ ಪಟ್ಟಿಯ ನಡುವಿನ ಗೆರೆ ಬೆಟ್ಟ ಆಗಬೇಕು. ಹಲಗೆಯ ನಡುಭಾಗದಲ್ಲಿ ಒಂದೊಂದು ಇಂಚಿಗೆ ಪೆನ್ಸಿಲ್ ಗುರುತು ಹಾಕಿ, ಕಣಿವೆಗಳನ್ನು ಆ ಗುರುತಿಗೆ ಅಂಟಿಸಿ. ಬುಡ ಒಂದು ಇಂಚು, ಎರಡು ಇಳಿಜಾರೂ ಒಂದೊಂದು ಇಂಚು, ಆಗ ಹನ್ನೆರಡು ಮಡಿಕೆ ಸರಿಯಾಗಿ ಒಂದು ಅಡಿಯಲ್ಲಿ ಕೂರುತ್ತವೆ.

ಹೀಗೆ ಅಂಟಿಸಿದರೆ ತುಂಬಿದ ಕೆರೆಯ ಪಟ್ಟಿ ಎಡಕ್ಕೆ ಮುಖ ಮಾಡುತ್ತದೆ, ಅದಕ್ಕೆ ಕಾರಣ ಇದೆ. ಎಡಕ್ಕೆ ಗೋಡು ಇದೆ. ಒಣಗಿದ ಮಣ್ಣಿನ ಪಕ್ಕ ನಿಂತವರಿಗೆ ನೀರು ಕಾಣಬೇಕು, ನಮ್ಮ ತಾತನಿಗೆ ಕಾಣುತ್ತಿದ್ದ ಹಾಗೆ. ಎದುರಿಗೆ ನಿಂತರೆ ಎರಡೂ ಕಲಸಿಕೊಂಡು ಯಾವುದೂ ಸರಿಯಾಗಿ ಕಾಣದು. ಅದು ತಪ್ಪಲ್ಲ, ಸರಿಪಡಿಸಲು ಹೋಗಬೇಡಿ.

ಅರಿಶಿನ

ಅರಿಶಿನದ ಬಟ್ಟೆಯನ್ನು ಬಿಸಿಲಿಗೆ ಹಾಕಬೇಡಿ, ಬಣ್ಣ ಹೋಗುತ್ತದೆ ಅಂತ ಮನೆಯಲ್ಲಿ ಹೇಳುತ್ತಾರಲ್ಲ, ಆ ಗುಣವೇ ಇಲ್ಲಿ ಕೆಲಸಕ್ಕೆ ಬರುವುದು. ಗಿಡಗಳ ರಸದಿಂದ ಬಿಸಿಲಿನಲ್ಲಿ ಚಿತ್ರ ಮೂಡಿಸುವ ಈ ಕ್ರಮಕ್ಕೆ ಆಂಥೋಟೈಪ್ ಅಂತ ಹೆಸರು. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಇದರ ಬಗ್ಗೆ ಬರೆದರು. ಚಿತ್ರವನ್ನು ಶಾಶ್ವತ ಮಾಡುವ ದಾರಿ ಇದರಲ್ಲಿ ಇಲ್ಲ, ಹಾಗಾಗಿ ಫೋಟೋಗ್ರಫಿಯಲ್ಲಿ ಇದು ನಿಲ್ಲಲಿಲ್ಲ. ನಮಗೆ ಬೇಕಾದದ್ದು ಅದೇ.

ಅರಿಶಿನ ಕೊಂಬನ್ನು ಮಿಲ್ಲಿನಲ್ಲಿ ಪುಡಿ ಮಾಡಿಸಿ. ಪ್ಯಾಕೆಟ್ ಪುಡಿಯಲ್ಲಿ ಬೇರೆ ಬಣ್ಣ ಇದ್ದರೆ ನಿಮ್ಮ ಲೆಕ್ಕ ತಪ್ಪುತ್ತದೆ. ಎರಡು ದೊಡ್ಡ ಚಮಚ ಪುಡಿಗೆ 100 ಮಿಲಿಲೀಟರ್ ಸರ್ಜಿಕಲ್ ಸ್ಪಿರಿಟ್ ಹಾಕಿ ಬಾಟಲಿಯಲ್ಲಿ ಕುಲುಕಿ, ಕಾಲು ಗಂಟೆ ಬಿಟ್ಟು ಬಟ್ಟೆಯಲ್ಲಿ ಸೋಸಿ. ನೀರು ಹಾಕಿದರೆ ಆಗದು, ಅರಿಶಿನದ ಬಣ್ಣ ನೀರಿಗೆ ಸರಿಯಾಗಿ ಬಿಡುವುದಿಲ್ಲ. ಸ್ಪಿರಿಟ್ ಬೇಗ ಬೆಂಕಿ ಹಿಡಿಯುತ್ತದೆ, ಒಲೆ, ದೀಪದ ಹತ್ತಿರ ಈ ಕೆಲಸ ಬೇಡ, ಕಿಟಕಿ ತೆಗೆದಿರಲಿ. 12×18 ಇಂಚಿನ ದಪ್ಪ ಡ್ರಾಯಿಂಗ್ ಹಾಳೆಗೆ ಮಬ್ಬು ಬೆಳಕಿನಲ್ಲಿ ಎರಡು ಕೋಟ್ ಬಳಿಯಿರಿ, ಕತ್ತಲಲ್ಲಿ ಒಣಗಿಸಿ. ನಾನು ಬೀರುವಿನೊಳಗೆ ಇಟ್ಟಿದ್ದೆ.

ಹೊಂಗೆಯ ಒಂದು ಉದ್ದ ರೆಂಬೆಯನ್ನು ರಾತ್ರಿಯೆಲ್ಲ ಪುಸ್ತಕಗಳ ಕೆಳಗೆ ಒತ್ತಿಡಿ. ಬಲಿತ ಎಲೆ ಇರಲಿ, ಚಿಗುರಿನ ಮೂಲಕ ಬೆಳಕು ಹೋಗುತ್ತದೆ. ಬೆಳಿಗ್ಗೆ ಹಾಳೆಯ ಮೇಲೆ ರೆಂಬೆ, ಅದರ ಮೇಲೆ ಗಾಜು, ಗಾಜಿನ ಮೇಲೆ ರಟ್ಟು. ಮೂರು ಇಂಚು ಮಾತ್ರ ತೆರೆದಿರುವಂತೆ ರಟ್ಟು ಮುಚ್ಚಿ ಹತ್ತು ಗಂಟೆಗೆ ಮಾಳಿಗೆ ಮೇಲೆ ಬಿಸಿಲಿಗೆ ಇಡಿ. ಪ್ರತಿ ಗಂಟೆಗೆ ರಟ್ಟನ್ನು ಮೂರು ಇಂಚು ಹಿಂದೆ ಸರಿಸಿ. ಹಾಳೆ, ಗಾಜು ಅಲುಗಾಡಬಾರದು. ನಾಲ್ಕು ಗಂಟೆಗೆ ಒಳಗೆ ತನ್ನಿ. ಮೊದಲ ಪಟ್ಟಿಗೆ ಆರು ಗಂಟೆ ಬಿಸಿಲು, ಕೊನೆಯದಕ್ಕೆ ಒಂದೇ ಗಂಟೆ.

ಎಲೆ ಅಡಿಕೆಗೆ ಹಾಕುವ ಸುಣ್ಣವನ್ನು ಕಡಲೆಕಾಯಿ ಬೀಜದಷ್ಟು ಹಿಂದಿನ ರಾತ್ರಿಯೇ ಒಂದು ಲೋಟ ನೀರಿಗೆ ಕದಡಿ ಇಟ್ಟಿರಬೇಕು. ಈಗ ಅದರ ಮೇಲಿನ ತಿಳಿ ಮಾತ್ರ ತೆಗೆದುಕೊಂಡು ಮೆತ್ತನೆ ಬ್ರಷ್‌ನಲ್ಲಿ ಹಾಳೆಯ ಮೇಲೆ ಹಗುರವಾಗಿ ಸವರಿ. ಕಣ್ಣಿಗೆ ತಾಗದ ಹಾಗೆ ನೋಡಿಕೊಳ್ಳಿ. ಆರತಿ ತಟ್ಟೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಬಿದ್ದು ಕೆಂಪಾಗುವುದನ್ನು ಎಲ್ಲರೂ ನೋಡಿದ್ದೀರಿ. ಇಲ್ಲೂ ಅದೇ ಆಗುತ್ತದೆ. ಅರಿಶಿನ ಉಳಿದಿರುವ ಕಡೆ ಕೆಂಪು ಏರುತ್ತದೆ, ಬಿಸಿಲು ತಿಂದ ಕಡೆ ಏರುವುದಿಲ್ಲ. ಆರು ಗಂಟೆ ಪಟ್ಟಿಯಲ್ಲಿ ಹೊಂಗೆ ಎಲೆ ಕತ್ತರಿಸಿಟ್ಟ ಹಾಗೆ ಎದ್ದು ನಿಲ್ಲುತ್ತದೆ. ಪಟ್ಟಿಯಿಂದ ಪಟ್ಟಿಗೆ ಹಿನ್ನೆಲೆ ಕೆಂಪಾಗುತ್ತಾ ಹೋಗಿ, ಒಂದು ಗಂಟೆಯ ಪಟ್ಟಿಯಲ್ಲಿ ಎಲೆ ಎಲ್ಲಿ ಮುಗಿಯಿತು ಅಂತ ಹುಡುಕಬೇಕಾಗುತ್ತದೆ. ಒಣಗಿದಂತೆ ಬಣ್ಣ ಸ್ವಲ್ಪ ಕಂದು ಕಡೆ ತಿರುಗುತ್ತದೆ.

ಹಾಳೆಯನ್ನು ಹಲಗೆಯ ಬಲಭಾಗಕ್ಕೆ ನಾಲ್ಕು ಮೂಲೆಯಲ್ಲಿ ಮಾತ್ರ ಅಂಟಿಸಿ, ಮುಂದೆ ಬದಲಾಯಿಸಲು ಬರುತ್ತದೆ. ಮೇಲಂಚಿಗೆ ಕಿಟಕಿ ಪರದೆಯ ಸ್ಪ್ರಿಂಗ್ ಕಟ್ಟಿ ಎರಡು ಪದರದ ಕಪ್ಪು ಕಾಟನ್ ಬಟ್ಟೆ ಇಳಿಬಿಡಿ. ಪಕ್ಕದಲ್ಲಿ ಒಂದು ಚೀಟಿ ಬೇಕು. ನಾನು ಹೀಗೆ ಬರೆದೆ: "ಬಟ್ಟೆ ಎತ್ತಿ ನೋಡಿ. ನೋಡಿದಷ್ಟು ಹೊತ್ತು ಬೆಳಕು ಬೀಳುತ್ತದೆ, ಅಷ್ಟು ಬಣ್ಣ ಹೋಗುತ್ತದೆ." ಇದನ್ನು ಹೇಳದೆ ಇರಬಾರದು. ಹೇಳಿದ ಮೇಲೆ ಜನ ನೋಡುವ ರೀತಿಯೇ ಬೇರೆ. ಪಕ್ಕದ ಮನೆ ಅಜ್ಜಿ ಒಂದು ಕ್ಷಣ ಎತ್ತಿ, "ಸಾಕಪ್ಪ, ನಿಮ್ಮ ಮಕ್ಕಳಿಗೂ ಇರಲಿ" ಎಂದು ಬಿಟ್ಟುಬಿಟ್ಟರು. ಅಕ್ಕನ ಮಗಳು ಮಾತ್ರ ಬಟ್ಟೆಯೊಳಗೆ ತಲೆ ತೂರಿಸಿ ಬೆಳಕು ಬೀಳದ ಹಾಗೆ ನೋಡಲು ಪ್ರಯತ್ನ ಮಾಡಿದಳು. ಏನೂ ಕಾಣಲಿಲ್ಲ ಅಂತ ಹೊರಗೆ ಬಂದಳು.

ನೇತು ಹಾಕುವುದು, ನೋಡಿಕೊಳ್ಳುವುದು

ಎರಡು ಗಟ್ಟಿ ಮೊಳೆ, ಹಿಂದಿನ ರೀಪರ್‌ಗೆ ಕೊಕ್ಕೆ. ನೇರ ಬಿಸಿಲು ಬೀಳದ, ಆದರೆ ಹಗಲ ಬೆಳಕು ಬರುವ ಗೋಡೆ ಆಗಬೇಕು. ಎರಡೂ ಪಕ್ಕದಿಂದ ನಡೆದು ಬರಲು ಜಾಗ ಇರಲಿ, ಇಲ್ಲದಿದ್ದರೆ ಮಡಿಕೆ ಚಿತ್ರ ವ್ಯರ್ಥ. ಕೆಳಗೆ ಒಂದು ಮೊರ ಇಡಿ, ಮಣ್ಣು ಉದುರಿದರೆ ಅದರಲ್ಲಿ ಬೀಳಲಿ.

ವಾರ್ನಿಷ್ ಹೊಡೆಯಬೇಡಿ, ಹೊಡೆಯಲು ಬಿಡಲೂಬೇಡಿ. ಎರಡನೇ ಹಲಗೆಯನ್ನು ನಾನು ಫ್ರೇಮ್ ಹಾಕಿಸಲು ಒಂದು ಅಂಗಡಿಗೆ ಕೊಟ್ಟಿದ್ದೆ. ಬಾಳಿಕೆ ಬರಲಿ ಅಂತ ಅವರು ಒಳ್ಳೆ ಮನಸ್ಸಿನಿಂದಲೇ ಗೋಡಿನ ಮೇಲೆ ವಾರ್ನಿಷ್ ಹೊಡೆದಿದ್ದರು. ಮಣ್ಣು ಕಪ್ಪಗಾಗಿ, ಯಾವಾಗಲೂ ಈಗಷ್ಟೇ ನೆನೆದ ಹಾಗೆ ಕಾಣುತ್ತಿತ್ತು. ನೀರು ಹೊಡೆದರೆ ಜಾರಿ ಹೋಗುತ್ತಿತ್ತು. ಆ ಮಣ್ಣು ಮತ್ತೆ ಒಣಗುವಂತೆಯೂ ಇರಲಿಲ್ಲ, ನೆನೆಯುವಂತೆಯೂ ಇರಲಿಲ್ಲ. ತುಂಬಾ ಬೇಜಾರಾಯಿತು. ಕೊಡುವಾಗ ನಾನೇ ಬಾಯಿಬಿಟ್ಟು ಹೇಳಬೇಕಿತ್ತು.

ಪ್ರತಿ ಅಮಾವಾಸ್ಯೆ ದಿನ ಒಂದೇ ಹೊತ್ತಿಗೆ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿದ ಅದೇ ಮೂರು ಜಾಗಗಳಲ್ಲಿ ನಿಂತು ಫೋಟೋ ತೆಗೆಯಿರಿ: ಎಡದಿಂದ ಒಂದು, ಎದುರಿನಿಂದ ಒಂದು, ಬಲದಿಂದ ಬಟ್ಟೆ ಎತ್ತಿ ಒಂದು. ಹಲಗೆಯ ಹಿಂದೆ ಪೆನ್ಸಿಲ್‌ನಲ್ಲಿ ತಾರೀಖು ಬರೆಯಿರಿ. ದಿನಾ ನೋಡುವವರಿಗೆ ಬದಲಾವಣೆ ಕಾಣೋದೇ ಇಲ್ಲ. ನಾಲ್ಕು ಅಮಾವಾಸ್ಯೆಯ ಫೋಟೋ ಪಕ್ಕಪಕ್ಕ ಇಟ್ಟಾಗ ನನಗೆ ಗೊತ್ತಾಯಿತು, ಒಂದು ಗಂಟೆಯ ಪಟ್ಟಿ ಎರಡು ಗಂಟೆಯದರಷ್ಟು ತೆಳುವಾಗಿತ್ತು.

ಅರಿಶಿನ ಪೂರ್ತಿ ಹೋದ ಮೇಲೆ ಖಾಲಿ ಹಾಳೆಯನ್ನು ತೆಗೆದು ಅದರ ಹಿಂದೆ ತಾರೀಖು ಬರೆದಿಟ್ಟು, ಹೊಸದು ಮಾಡಿ ಹಾಕಬಹುದು, ಹಾಗೇ ಬಿಡಲೂಬಹುದು. ಉದುರಿದ ಗೋಡನ್ನು ಎಸೆಯಬೇಡಿ. ನೀರು ಹಾಕಿದರೆ ಒಂದು ಗಂಟೆಯಲ್ಲಿ ಮತ್ತೆ ಕೆಸರಾಗುತ್ತದೆ, ಬಿಟ್ಟ ಜಾಗಕ್ಕೆ ತುಂಬಬಹುದು. ನನ್ನ ಹಲಗೆಯಿಂದ ಇದುವರೆಗೆ ಹನ್ನೊಂದು ಚೂರು ಬಿದ್ದಿವೆ, ಎಲ್ಲ ಮೇಲಂಚಿನವು. ಅವನ್ನು ಒಂದು ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ತುಂಬೋಣ ಅಂತಿದ್ದೆ, ಅಕ್ಕನ ಮಗಳು ಬೇಡ ಅಂದಳು. ಯುಗಾದಿಗೆ ಊರಿಗೆ ಹೋದಾಗ ಕೆರೆಗೆ ಹಾಕಿ ಬರಬೇಕಂತೆ, ತೂಬಿನ ಹತ್ತಿರವೇ.